ವಿಜಯನಗರ ಕಂಡ ರಾಯಭಾರಿ ಅಬ್ದುಲ್ ರಜಾಕ್: ಕಾಲ ಕಾದ ಒಂದು ಪಯಣ



ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಯಾರು? ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕಕ್ಕೆ ಬರುವ ಪ್ರಶ್ನೆ ಇದು. ಅಬ್ದುಲ್ ರಜಾಕ್ ಎಂದು ಬರೆದು ನೀವು ಮುಂದಿನ ಪ್ರಶ್ನೆಗೆ ಹೋಗುತ್ತೀರಿ. ಆದರೆ ಆ ಹೆಸರಿನ ಹಿಂದೆ ಒಬ್ಬ ವಿದ್ವಾಂಸರ ಬದುಕಿದೆ, ಸುಮಾರು ಮೂರು ವರ್ಷಗಳ ಪಯಣವಿದೆ. ಆ ಮೂರು ವರ್ಷಗಳಲ್ಲಿ ಅವರು ನಡೆದದ್ದಕ್ಕಿಂತ ಕಾದದ್ದೇ ಹೆಚ್ಚು. ಗಾಳಿಗಾಗಿ ಕಾದರು, ಹಡಗಿಗಾಗಿ ಕಾದರು, ಅಧಿಕಾರಿಗಳ ಅಪ್ಪಣೆಗಾಗಿ ಕಾದರು. ಆ ಕಾಯುವಿಕೆಯ ಕಥೆಯನ್ನು ತಿಳಿಯುವುದು ನಮಗೆ ಇಂದಿಗೂ ಪ್ರಯೋಜನಕರ.

ಮನೆತನ ಮತ್ತು ವಿದ್ಯೆ

ಕಮಾಲುದ್ದೀನ್ ಅಬ್ದುಲ್ ರಜಾಕ್ ಅವರು 1413ರಲ್ಲಿ ಈಗಿನ ಅಫ್ಘಾನಿಸ್ತಾನದ ಹೆರಾತ್ ನಗರದಲ್ಲಿ ಜನಿಸಿದರು. ಅವರ ಮನೆತನ ಸಮರ್ಕಂದದ್ದು. ಆದ್ದರಿಂದಲೇ ಅವರಿಗೆ ಸಮರ್ಕಂದಿ ಎಂಬ ಹೆಸರು. ತಂದೆ ಜಲಾಲುದ್ದೀನ್ ಇಸ್‌ಹಾಕ್ ಅವರು ತೈಮೂರನ ಮಗ ಸುಲ್ತಾನ್ ಶಾಹರುಖ್‌ನ ಆಸ್ಥಾನದಲ್ಲಿ ಕಾಜಿಯೂ ಇಮಾಮರೂ ಆಗಿದ್ದರು. 1437ರಲ್ಲಿ ತಂದೆ ತೀರಿಕೊಂಡರು. ಆಗ ಇಪ್ಪತ್ಮೂರು ಇಪ್ಪತ್ನಾಲ್ಕರ ಯುವಕರಾಗಿದ್ದ ಅಬ್ದುಲ್ ರಜಾಕರು ಹಿರಿಯ ವಿದ್ವಾಂಸರೊಬ್ಬರ ಅರಬ್ಬೀ ಗ್ರಂಥಕ್ಕೆ ವ್ಯಾಖ್ಯಾನ ಬರೆದು ಸುಲ್ತಾನನಿಗೆ ಅರ್ಪಿಸಿದರು. ಆ ವಿದ್ಯೆಯೇ ಅವರಿಗೆ ಆಸ್ಥಾನದ ಬಾಗಿಲು ತೆರೆಯಿತು. ತಂದೆಯ ಹೆಸರು ಹೇಳಿಕೊಂಡು ಅವರು ಒಳಹೋಗಲಿಲ್ಲ, ತಮ್ಮ ಬರಹವನ್ನು ಕೈಯಲ್ಲಿ ಹಿಡಿದು ಹೋದರು ಎಂಬುದನ್ನು ಗಮನಿಸಿ.

ಕೆಲವು ವರ್ಷಗಳಲ್ಲಿ ಸುಲ್ತಾನ ಅವರಿಗೆ ದೊಡ್ಡ ಹೊಣೆ ಹೊರಿಸಿದನು. ಕಲ್ಲಿಕೋಟೆಯ ಅರಸ ಸಾಮೂದಿರಿಯ ದೂತರು ಹೆರಾತಿಗೆ ಬಂದಿದ್ದರು. ಅದಕ್ಕೆ ಪ್ರತಿಯಾಗಿ ಹಿಂದೂಸ್ತಾನಕ್ಕೆ ರಾಯಭಾರಿಯಾಗಿ ಹೋಗಬೇಕೆಂದು ಅಪ್ಪಣೆಯಾಯಿತು. ಹಿಜರಿ 845ರ ರಂಜಾನ್ ತಿಂಗಳ ಮೊದಲ ದಿನ, ಅಂದರೆ 1442ರ ಜನವರಿಯಲ್ಲಿ, ಅವರು ಹೆರಾತ್ ಬಿಟ್ಟರು. ಆಗ ವಯಸ್ಸು ಇಪ್ಪತ್ತೆಂಟು. ಅಣ್ಣನೂ ಜೊತೆಗಿದ್ದರು. ಸಮುದ್ರವನ್ನು ಅವರು ಅದುವರೆಗೆ ಬಲ್ಲವರಲ್ಲ.

ಕೈತಪ್ಪಿದ ಮೌಸಮ್

ಮರುಭೂಮಿ ದಾಟಿ ಅವರು ಹೊರ್ಮುಜ್ ಬಂದರು ಸೇರಿದರು. ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ನಮ್ಮ ಮನೆಗಳಲ್ಲಿ ಬಳಸುವ ಮೌಸಮ್ ಎಂಬ ಮಾತು ಅರಬ್ಬಿಯದು. ಋತು, ಕಾಲ ಎಂದು ಅದರ ಅರ್ಥ. ಇಂಗ್ಲಿಷಿನ ಮಾನ್ಸೂನ್ ಎಂಬ ಪದವೂ ಅದರಿಂದಲೇ ಬಂದದ್ದು. ಅಂದಿನ ಹಡಗುಗಳಿಗೆ ಎಂಜಿನ್ ಇರಲಿಲ್ಲ. ಹಾಯಿಯೇ ಅವುಗಳ ಬಲ. ಅನೇಕ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದಿಂದ ಬೀಸುವ ಗಾಳಿ ನಮ್ಮ ಪಶ್ಚಿಮ ಕರಾವಳಿಯನ್ನು ಅಪ್ಪಳಿಸುತ್ತದೆ. ಆಗ ಬಂದರುಗಳು ಮುಚ್ಚುತ್ತಿದ್ದವು, ಹಡಗುಗಳು ಹೊಳೆಬಾಯಿಯ ಒಳಗೆ ಲಂಗರು ಹಾಕುತ್ತಿದ್ದವು. ನವೆಂಬರ್‌ನಿಂದ ಮಾರ್ಚ್‌ವರೆಗೆ ಗಾಳಿ ತಿರುಗಿ ಈಶಾನ್ಯದಿಂದ ಬೀಸುತ್ತದೆ. ಅದು ನಮ್ಮ ತೀರದಿಂದ ಅರಬ್ ದೇಶಕ್ಕೆ ಹೋಗುವವರ ಕಾಲ. ಅತ್ತಣಿಂದ ಇತ್ತ ಬರುವವರು ಮಳೆಗಾಲದ ಬಿರುಸಿಗೆ ಮೊದಲೇ ಹೊರಡಬೇಕು, ಇಲ್ಲವೇ ಆ ಬಿರುಸು ಇಳಿಯುವ ತನಕ ಕಾಯಬೇಕು. ಇಂದಿಗೂ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ ಎಂಬುದನ್ನು ನೆನೆದರೆ ಆ ಕಡಲಿನ ಸ್ವಭಾವ ನಿಮಗೆ ಅರ್ಥವಾದೀತು.

ಅಬ್ದುಲ್ ರಜಾಕರು ಹೊರ್ಮುಜ್ ತಲುಪಿದಾಗ ಕಾಲ ಇನ್ನೂ ಅನುಕೂಲವಾಗಿಯೇ ಇತ್ತು. ಆದರೆ ಅಲ್ಲಿನ ಅಧಿಕಾರಿಗಳು ಒಂದಲ್ಲ ಒಂದು ನೆಪ ಹೇಳಿ ಅವರನ್ನು ತಡೆದರು. ಇಂದು, ನಾಳೆ ಎನ್ನುತ್ತ ದಿನಗಳು ಉರುಳಿದವು. ಕೊನೆಗೆ ಅಪ್ಪಣೆ ಸಿಕ್ಕಾಗ ಮೌಸಮ್ ಮುಗಿಯುತ್ತ ಬಂದಿತ್ತು. ಬಿರುಗಾಳಿಯೂ ಕಡಲ್ಗಳ್ಳರ ಭಯವೂ ಇದ್ದ ಹೊತ್ತು ಅದು. ಜನರನ್ನೂ ಕುದುರೆಗಳನ್ನೂ ಬೇರೆ ಬೇರೆ ಹಡಗುಗಳಲ್ಲಿ ಹತ್ತಿಸಲಾಯಿತು. ಹಡಗಿನ ವಾಸನೆ ಮೂಗಿಗೆ ಬಿದ್ದೊಡನೆ, ಕಡಲಿನ ಭೀಕರತೆ ಕಣ್ಣಿಗೆ ಬಿದ್ದೊಡನೆ ತಾವು ಮೂರು ದಿನ ಪ್ರಜ್ಞೆ ತಪ್ಪಿದ್ದಾಗಿ ಅವರೇ ಬರೆದುಕೊಂಡಿದ್ದಾರೆ. ರಾಯಭಾರಿಯೆಂಬ ದೊಡ್ಡಸ್ತಿಕೆಗಾಗಿ ಅವರು ತಮ್ಮ ಅಂಜಿಕೆಯನ್ನು ಮುಚ್ಚಿಡಲಿಲ್ಲ.

ಮಸ್ಕತ್ ಸೇರುವಷ್ಟರಲ್ಲಿ ಜೊತೆಗಿದ್ದ ವ್ಯಾಪಾರಿಗಳು ಕೈಚೆಲ್ಲಿದರು. ಕಡಲಿಗಿಳಿಯುವ ಕಾಲ ಮೀರಿದೆ, ಇನ್ನು ಹೋದರೆ ಸಾವಿಗೆ ಅವರವರೇ ಹೊಣೆ ಎಂದರು. ತೆತ್ತ ಹಣ ಹೋಯಿತು. ಅಬ್ದುಲ್ ರಜಾಕರ ತಂಡ ಒಮಾನಿನ ತೀರದಲ್ಲೇ ಉಳಿಯಿತು.

ಅದು ಬೇಸಿಗೆ. ಅಲ್ಲಿನ ಸೆಕೆಯನ್ನು ಅವರು ಕವಿಯಂತೆ ಬಣ್ಣಿಸುತ್ತಾರೆ. ಮೂಳೆಯೊಳಗಿನ ಮಜ್ಜೆ ಬೆಂದಿತು, ಒರೆಯೊಳಗಿನ ಕತ್ತಿ ಮೇಣದಂತೆ ಕರಗಿತು, ಬೇಟೆಗೆ ಹೋದವರಿಗೆ ಮರುಭೂಮಿಯಲ್ಲಿ ಸುಟ್ಟ ಜಿಂಕೆಗಳೇ ಸಿಕ್ಕವು ಎಂಬರ್ಥದ ಉತ್ಪ್ರೇಕ್ಷೆಗಳು ಅಲ್ಲಿವೆ. ಆದರೆ ಮುಂದೆ ಬರುವುದು ಉತ್ಪ್ರೇಕ್ಷೆಯಲ್ಲ. ತಂಡದ ಅನೇಕರು ಜ್ವರದಿಂದ ಮಲಗಿದರು. ಅಬ್ದುಲ್ ರಜಾಕರೂ ಮಲಗಿದರು. ಅವರ ಅಣ್ಣ ಮೇಲೇಳಲೇ ಇಲ್ಲ. ಆ ಪರದೇಶದ ಮಣ್ಣಿನಲ್ಲೇ ಅಣ್ಣನನ್ನು ದಫನ ಮಾಡಬೇಕಾಯಿತು. ಹೊರ್ಮುಜಿನಲ್ಲಿ ಯಾರೋ ತಡೆದ ಕೆಲವು ವಾರಗಳಿಗೆ ಈ ಮನೆತನ ತೆತ್ತ ಬೆಲೆ ಅದು.

ಸದಸ್ಯ ಬಂಧುಗಳೇ, ನಾವು ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಒಂದು ಸಹಿ, ಒಂದು ದೃಢೀಕರಣ ಪತ್ರ, ಒಂದು ವಿದ್ಯಾರ್ಥಿವೇತನದ ಅರ್ಜಿ ನಮ್ಮ ಮೇಜಿನ ಮೇಲೆ ಹದಿನೈದು ದಿನ ಕುಳಿತರೆ ನಮಗೆ ಅದು ಹದಿನೈದೇ ದಿನ. ಆದರೆ ಕುಷ್ಟಗಿಯದೋ ಯಲಬುರ್ಗಾದ್ದೋ ಒಂದು ಹಳ್ಳಿಯ ಹುಡುಗಿಗೆ ಅಷ್ಟರಲ್ಲಿ ಪ್ರವೇಶದ ಕೊನೆಯ ದಿನಾಂಕ ದಾಟಿರುತ್ತದೆ. ಅವಳ ಹಡಗು ಇನ್ನೊಂದು ವರ್ಷ ಹೊರಡುವುದಿಲ್ಲ. ಕೆಲವು ಮನೆಗಳಲ್ಲಿ ಮತ್ತೆಂದೂ ಹೊರಡುವುದಿಲ್ಲ.

ಕಲ್ಲಿಕೋಟೆಯಿಂದ ತುಂಗಭದ್ರೆಗೆ

ಬೇಸಿಗೆ ಕಳೆಯಿತು, ಗಾಳಿ ಹದಕ್ಕೆ ಬಂತು. ಖಲ್ಹಾತ್ ಬಂದರಿನಿಂದ ಹೊರಟ ಹಡಗು 18 ಹಗಲು 18 ರಾತ್ರಿಗಳಲ್ಲಿ ಕಲ್ಲಿಕೋಟೆ ಮುಟ್ಟಿತು. ಯಾವ ಕಡಲಿಗೆ ಹೆದರಿದ್ದರೋ ಅದೇ ಕಡಲಿನ ಗಾಳಿ ಈ ಸಲ ಅವರ ಆರೋಗ್ಯವನ್ನು ಮರಳಿಸಿತು. ಸರಿಯಾದ ಕಾಲಕ್ಕೆ ಹೊರಟ ಪಯಣಕ್ಕೂ ಕಾಲ ಮೀರಿ ಹೊರಟ ಪಯಣಕ್ಕೂ ಎಷ್ಟು ಅಂತರ, ನೋಡಿ.

ಕಲ್ಲಿಕೋಟೆಯ ವ್ಯಾಪಾರದ ಪ್ರಾಮಾಣಿಕತೆ ಅವರಿಗೆ ಮೆಚ್ಚಿಗೆಯಾಯಿತು. ವರ್ತಕರು ಸರಕನ್ನು ಬೀದಿಯಲ್ಲೇ ಬಿಟ್ಟು ನಿಶ್ಚಿಂತೆಯಿಂದ ಇರುತ್ತಿದ್ದರು, ಸುಂಕದ ಅಧಿಕಾರಿಗಳೇ ಅದನ್ನು ಕಾಯುತ್ತಿದ್ದರು. ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಮಾರಾಟವಾಗದಿದ್ದರೆ ಏನೂ ಇಲ್ಲ. ಆದರೆ ಅರಸನಿಂದ ಅವರ ರಾಯಭಾರಕ್ಕೆ ಸಿಗಬೇಕಾದ ಆದರ ಸಿಗಲಿಲ್ಲ. 1442ರ ಕೊನೆಯಿಂದ 1443ರ ಏಪ್ರಿಲ್‌ವರೆಗೆ ಅವರು ಬೇಸರದಿಂದಲೇ ದಿನ ಕಳೆದರು. ಒಂದು ರಾತ್ರಿ ಸುಲ್ತಾನ್ ಶಾಹರುಖ್ ಕನಸಿನಲ್ಲಿ ಬಂದು ಸಮಾಧಾನ ಹೇಳಿದನಂತೆ. ಅದರ ಬೆನ್ನಲ್ಲೇ ವಿಜಯನಗರದಿಂದ ದೂತ ಬಂದನು. ಹೆರಾತಿನ ರಾಯಭಾರಿಯನ್ನು ತನ್ನಲ್ಲಿಗೆ ಕಳುಹಿಸಬೇಕೆಂದು ದೇವರಾಯ ಹೇಳಿಕಳುಹಿಸಿದ್ದನು.

ಅವರು ತೀರದ ಗುಂಟ ಹಡಗಿನಲ್ಲಿ ಮಂಗಳೂರಿಗೆ ಬಂದು, ಎರಡು ಮೂರು ದಿನ ಅಲ್ಲಿದ್ದು, ಘಟ್ಟ ಹತ್ತಿ ಏಪ್ರಿಲ್ ಕೊನೆಯಲ್ಲಿ ವಿಜಯನಗರ ಸೇರಿದರು. ಡಿಸೆಂಬರ್ 5ರವರೆಗೆ, ಅಂದರೆ ಏಳು ತಿಂಗಳಿಗೂ ಹೆಚ್ಚು ಕಾಲ ಅಲ್ಲಿದ್ದರು. ಅರಬ್ಬೀ ಸಮುದ್ರ ಕುದಿಯುತ್ತಿದ್ದ ಆ ಮಳೆಗಾಲವನ್ನು ಅವರು ಕಳೆದದ್ದು ನಮ್ಮ ತುಂಗಭದ್ರೆಯ ದಡದಲ್ಲಿ. ಹೊಳೆಯ ಈಚೆಗೆ ನಮ್ಮ ಗಂಗಾವತಿ ತಾಲೂಕಿನ ಆನೆಗೊಂದಿ, ಆಚೆಗೆ ರಾಜಧಾನಿ.

ಆ ಏಳು ತಿಂಗಳಲ್ಲಿ ಅವರು ಕಣ್ಣು ತೆರೆದುಕೊಂಡಿದ್ದರು. ಒಂದರೊಳಗೊಂದು ಇದ್ದ ಏಳು ಸುತ್ತಿನ ಕೋಟೆಯನ್ನು ಎಣಿಸಿದರು. ಮೊದಲ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳು, ಒಳಗಿನ ಸುತ್ತುಗಳಲ್ಲಿ ಅಂಗಡಿ ಬೀದಿಗಳು ಎಂದು ಗುರುತಿಸಿದರು. ಬಯಲಿನಲ್ಲೇ ಮುತ್ತು ರತ್ನ ಮಾರುವ ಪೇಟೆ, ಕಡೆದ ಕಲ್ಲಿನ ಕಾಲುವೆಗಳಲ್ಲಿ ಹರಿಯುವ ನೀರು, ಮಹಾನವಮಿಯ ಸಿಂಗರಿಸಿದ ಆನೆಗಳು, ಎಲ್ಲವನ್ನೂ ಕಂಡರು. ತಮಗೆ ಅರಮನೆಯಿಂದ ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಎರಡು ವರಹ ಬರುತ್ತಿದ್ದುದನ್ನೂ ಲೆಕ್ಕವಿಟ್ಟರು. ಅವರು ಬರುವುದಕ್ಕೆ ನಾಲ್ಕು ವರ್ಷ ಮೊದಲು, 1439ರಲ್ಲಿ, ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬುವರು ಅರಸನಿಗೆ ಪುಣ್ಯವಾಗಲೆಂದು ಅಲ್ಲಿ ಒಂದು ಮಸೀದಿ ಕಟ್ಟಿಸಿದ್ದರು. ಅದರ ಕನ್ನಡ ಶಾಸನ ಅದನ್ನು ಧರ್ಮಶಾಲೆ ಎಂದು ಕರೆಯುತ್ತದೆ. ಹಂಪಿಗೆ ಹೋದಾಗ ನೀವು ಇಂದಿಗೂ ಅದನ್ನು ನೋಡಬಹುದು.

ಕಷ್ಟ ಇಲ್ಲೂ ಬಿಡಲಿಲ್ಲ. ಹೊರ್ಮುಜಿನ ಕೆಲವರು ಅಸೂಯೆಯಿಂದ, ಈತ ನಿಜವಾಗಿ ಶಾಹರುಖ್‌ನ ರಾಯಭಾರಿಯೇ ಅಲ್ಲ ಎಂದು ಗಾಳಿಮಾತು ಹಬ್ಬಿಸಿದರು. ಆದರವೂ ಕಡಿಮೆಯಾಯಿತು. ಅವರು ಜಗಳಕ್ಕೆ ಇಳಿಯಲಿಲ್ಲ. ಅರಸನನ್ನೂ ನಗರವನ್ನೂ ತಮ್ಮ ಗ್ರಂಥದಲ್ಲಿ ಹೊಗಳಿಯೇ ಬರೆದರು.

ಮರಳಿ ಕಡಲಿಗೆ

ವಿಜಯನಗರ ಬಿಟ್ಟು 18 ದಿನ ನಡೆದು ಅವರು ಕರಾವಳಿಯ ಬಾರ್ಕೂರು ಮುಟ್ಟಿದಾಗ ರಂಜಾನ್ ಆರಂಭವಾಗಿತ್ತು. ಉಪವಾಸದ ತಿಂಗಳನ್ನು ಅಲ್ಲಿ ಮುಗಿಸಿ, ಹಡಗು ಹುಡುಕುತ್ತ ಹೊನ್ನಾವರಕ್ಕೆ ಹೋದರು. ಇದೇ ಹೊನ್ನಾವರದಲ್ಲಿ ನೂರು ವರ್ಷ ಮೊದಲು ಇಬ್ನ್ ಬತೂತಾ ಅವರು ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡು ದಾಖಲಿಸಿದ್ದರು. ನಮ್ಮ ನಾಡಿನ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಇದು ಮರೆಯಬಾರದ ಸಂಗತಿ.

1444ರ ಮೊದಲ ತಿಂಗಳುಗಳಲ್ಲಿ ಅವರ ಹಡಗು ಹೊನ್ನಾವರ ಬಿಟ್ಟಿತು. ಕೆಲವು ದಿನ ಶಾಂತವಾಗಿದ್ದ ಕಡಲು ಒಮ್ಮೆಲೇ ತಿರುಗಿಬಿದ್ದಿತು. ಹಡಗು ಏಟು ತಿಂದಿತು, ನಾವಿಕರೇ ಧೈರ್ಯ ಕಳೆದುಕೊಂಡರು. ಹೊಸ ವರ್ಷದ ಮೊಹರಂ ಚಂದ್ರನನ್ನು ಅವರು ಕಂಡದ್ದು ನೀರಿನ ನಡುವೆಯೇ. ಕೊನೆಗೆ ಮಸ್ಕತ್‌ನಲ್ಲಿ ಲಂಗರು ಹಾಕಿ, ಹಡಗನ್ನು ದುರಸ್ತಿ ಮಾಡಿ, ಹೊರ್ಮುಜ್ ಸೇರಿದರು. ಈ ಪಯಣಕ್ಕೆ 65 ದಿನ ಹಿಡಿಯಿತೆಂದು ಅವರೇ ಲೆಕ್ಕ ಕೊಟ್ಟಿದ್ದಾರೆ. ಅಣ್ಣನ ಸಮಾಧಿ ಇದ್ದ ಒಮಾನಿನ ತೀರದ ಗುಂಟವೇ ಅವರು ಮನೆಗೆ ಮರಳಬೇಕಾಯಿತು.

ಮುಂದೆ 1446ರಲ್ಲಿ ಅವರು ಗೀಲಾನ್ ಪ್ರಾಂತಕ್ಕೂ ರಾಯಭಾರಿಯಾಗಿ ಹೋದರು. 1447ರಲ್ಲಿ ಶಾಹರುಖ್ ತೀರಿಕೊಂಡ ಮೇಲೆ ಬಂದ ಹಲವು ಅರಸರ ಸೇವೆ ಮಾಡಿದರು. 1463ರಲ್ಲಿ ಹೆರಾತಿನ ಶಾಹರುಖ್ ಖಾನ್‌ಖಾಹಿನ ಮುಖ್ಯಸ್ಥರಾದರು. 1482ರಲ್ಲಿ ತೀರಿಕೊಳ್ಳುವವರೆಗೂ ಆ ಹೊಣೆಯಲ್ಲಿದ್ದರು. ಆ ನಡುವೆ ಅವರು ಬರೆದು ಮುಗಿಸಿದ ಎರಡು ಸಂಪುಟಗಳ ಇತಿಹಾಸ ಗ್ರಂಥವೇ ಮತ್ಲಉಸ್ಸಾದೈನ್ ವ ಮಜ್ಮಉಲ್ ಬಹ್ರೈನ್. ಎರಡು ಶುಭ ನಕ್ಷತ್ರಗಳ ಉದಯ, ಎರಡು ಸಮುದ್ರಗಳ ಸಂಗಮ ಎಂದು ಅದರ ಅರ್ಥ. ಕಡಲಿಗೆ ಅಷ್ಟು ಹೆದರಿದ್ದವರು ಕಡಲಿನ ಹೆಸರನ್ನೇ ತಮ್ಮ ಗ್ರಂಥಕ್ಕೆ ಇಟ್ಟರು.

ರಾಯಭಾರದಿಂದ ರಾಜಕೀಯವಾಗಿ ದೊಡ್ಡ ಫಲವೇನೂ ಬರಲಿಲ್ಲ. ಉಳಿದದ್ದು ಬರಹ. 1565ರ ನಂತರ ನಗರ ಹಾಳಾಯಿತು. 1900ರಲ್ಲಿ ರಾಬರ್ಟ್ ಸೆವೆಲ್ ವಿಜಯನಗರದ ಇತಿಹಾಸ ಬರೆದಾಗ ಆ ವೈಭವಕ್ಕೆ ಸಾಕ್ಷಿ ಹೇಳಿದವರಲ್ಲಿ ಅಬ್ದುಲ್ ರಜಾಕರೂ ಒಬ್ಬರು.

ವಿದ್ಯಾರ್ಥಿಗಳೇ, ನಿಮಗೂ ಕಾಯುವ ದಿನಗಳು ಬರುತ್ತವೆ. ಫಲಿತಾಂಶಕ್ಕಾಗಿ, ಸೀಟಿಗಾಗಿ, ಕೆಲಸಕ್ಕಾಗಿ ಕಾಯಬೇಕಾದೀತು. ಆ ದಿನಗಳಲ್ಲಿ ಸುತ್ತಲಿನದನ್ನು ನೋಡಿ, ಎಣಿಸಿ, ಕೇಳಿ, ಬರೆದಿಡಿ. ಬಿಡುವಾದಾಗ ಆನೆಗೊಂದಿಗೆ ಹೋಗಿ ಹೊಳೆಯ ದಡದಲ್ಲಿ ನಿಲ್ಲಿ. ಊರಿಂದ ಅಷ್ಟು ದೂರ, ಅಣ್ಣನನ್ನು ಕಳೆದುಕೊಂಡ ದುಃಖದಲ್ಲಿ, ಒಬ್ಬ ಯುವಕ ಏಳು ತಿಂಗಳು ಇಲ್ಲಿ ಕಾಲ ಕಳೆದು ನಮ್ಮ ನಾಡನ್ನು ಬರೆದಿಟ್ಟರು. ಹುಟ್ಟಿದ ಊರಿನ ಬಗ್ಗೆ ಅಷ್ಟನ್ನಾದರೂ ತಿಳಿದು ಬರೆಯುವ ಕೆಲಸ ಈಗ ನಿಮ್ಮದು.