ಕೊಪ್ಪಳದ ಜಹಗೀರುದಾರರ ಕೋವಿಗಳು

ಊರಿನಿಂದ ನೆಂಟರಿಷ್ಟರು ಹೈದರಾಬಾದಿಗೆ ಬಂದರೆಂದರೆ, ಚಾರ್‌ಮಿನಾರನ್ನು ತೋರಿಸಿದ ಬೆನ್ನಿಗೇ ಅವರನ್ನು ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವುದು ನಮ್ಮಲ್ಲಿ ವಾಡಿಕೆ. ಗಂಟೆ ಬಾರಿಸುವ ಗಡಿಯಾರದ ಮುಂದೆ ಮಕ್ಕಳನ್ನು ಕೂರಿಸಿ, ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ಮುಖವನ್ನು ದೊಡ್ಡವರಿಗೆ ತೋರಿಸಿ, ಹೊತ್ತಾಯಿತೆಂದು ಹೊರಬೀಳುತ್ತೇವೆ. ಆಯುಧಗಳ ಕೋಣೆಯಲ್ಲಿ ನಿಂತು ನೋಡುವವರು ಕಡಿಮೆ. ನಿಂತವರಲ್ಲಿಯೂ, ಅಲ್ಲಿನ ಕತ್ತಿ ಕೋವಿಗಳಿಗೂ ಕೊಪ್ಪಳ ಸೀಮೆಯ ಜೋಳದ ಹೊಲಗಳಿಗೂ ಇರುವ ನಂಟನ್ನು ಬಲ್ಲವರು ಇನ್ನೂ ಕಡಿಮೆ.

ಇವನ್ನೆಲ್ಲ ಕೂಡಿಹಾಕಿದ ಮೂರನೆಯ ಸಾಲಾರ್ ಜಂಗ್, ಅಂದರೆ ನವಾಬ ಮೀರ್ ಯೂಸುಫ್ ಅಲಿ ಖಾನರು, ಹುಟ್ಟಿದ್ದು ಪುಣೆಯಲ್ಲಿ, 1889ನೆಯ ಇಸವಿ ಜೂನ್ ತಿಂಗಳಲ್ಲಿ. ಕೂಸಿಗೆ ಒಂದು ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. ತಾತ ಮೊದಲನೆಯ ಸಾಲಾರ್ ಜಂಗರು 1853ರಿಂದ 1883ರ ವರೆಗೆ ಮೂವತ್ತು ವರ್ಷ ನಿಜಾಮರ ದಿವಾನರಾಗಿದ್ದವರು. ಆ ಮುಸುಕಿನ ರೆಬೆಕ್ಕಳನ್ನು 1876ರಲ್ಲಿ ರೋಮಿನಿಂದ ಕೊಂಡು ತಂದವರು ಅವರೇ. ಹೀಗೆ ಮನೆ ತುಂಬ ವಸ್ತುಗಳೂ ದೊಡ್ಡ ಹೆಸರೂ ಇದ್ದು, ತಂದೆಯ ಮುಖವನ್ನೇ ಅರಿಯದ ಬಾಲಕನು ಆರನೆಯ ನಿಜಾಮರ ಆಶ್ರಯದಲ್ಲಿ ಬೆಳೆದನು.

ಆ ಮನೆತನಕ್ಕೆ ಕನ್ನಡನಾಡಿನೊಡನೆ ಹಳೆಯ ಸಂಬಂಧವುಂಟು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ಕೊನೆಯ ಮುತ್ತಿಗೆಯಲ್ಲಿ ನಿಜಾಮರ ದಂಡಿನೊಡನೆ ಹೋಗಿದ್ದ ಮೀರ್ ಆಲಂ ಇವರ ಪೂರ್ವಿಕರಲ್ಲೊಬ್ಬರು. ಹೈದರಾಬಾದಿನ ಮೀರ್ ಆಲಂ ಕೆರೆಯನ್ನು ಆ ಯುದ್ಧದಲ್ಲಿ ಪಾಲಿಗೆ ಬಂದ ಹಣದಿಂದ ಕಟ್ಟಿಸಿದರೆಂದು ಹೇಳುವುದುಂಟು. ಮುಂದೆ ರಾಯಚೂರು ಪ್ರಾಂತದ ಕೊಪ್ಪಳ ಮತ್ತು ಯಲಬುರ್ಗಿಗಳು ಸಾಲಾರ್ ಜಂಗರ ಜಹಗೀರಾಗಿದ್ದುವು. ನವಾಬರು ಕೊಂಡ ಪ್ರತಿಯೊಂದು ಪಿಂಗಾಣಿ ಬಟ್ಟಲಿಗೂ ಪ್ರತಿಯೊಂದು ಪಿಸ್ತೂಲಿಗೂ ಕೊಟ್ಟ ಹಣದಲ್ಲಿ ನಮ್ಮ ಎರೆಭೂಮಿಯ ರೈತರು ಕಟ್ಟಿದ ಕಂದಾಯದ ಪಾಲೊಂದು ಸೇರಿತ್ತೆಂದರೆ ತಪ್ಪಾಗದು.

1912ರಲ್ಲಿ ಮಹಾರಾಜಾ ಕಿಷನ್ ಪರ್ಷಾದರು ಇಳಿದಾಗ, ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನರು ಇಪ್ಪತ್ತಮೂರು ವರ್ಷದ ಈ ತರುಣನನ್ನು ಪ್ರಧಾನಮಂತ್ರಿಯನ್ನಾಗಿ ಮಾಡಿದರು. ಆ ಪದವಿ ಎರಡೇ ವರ್ಷಕ್ಕೆ, 1914ರಲ್ಲಿ, ಮುಗಿಯಿತು. ಮುಂದಿನ ಮೂವತ್ತೈದು ವರ್ಷ ಅವರು ರಾಜಕಾರಣದಿಂದ ದೂರ ಉಳಿದು, ಮದುವೆಯಾಗದೆ, ದಿವಾನ್ ದೇವಡಿಯೆಂಬ ತಮ್ಮ ವಿಶಾಲವಾದ ಮನೆಯಲ್ಲಿ ವಸ್ತುಗಳ ನಡುವೆಯೇ ಬಾಳಿದರು. ದೇಶವಿದೇಶಗಳ ವ್ಯಾಪಾರಿಗಳು ಬಾಗಿಲಿಗೆ ಬರುತ್ತಿದ್ದರು. ತಾವೂ ಯೂರೋಪಿಗೆ ಹೋಗಿ ಕೊಂಡು ತಂದರು. ಆರಿಸಿ ಕೊಳ್ಳುವವರ ಪೈಕಿ ಅವರಲ್ಲ. ಉತ್ತಮ, ಮಧ್ಯಮ, ಅಧಮ ಎಲ್ಲವೂ ಒಂದೇ ಸೂರಿನಡಿ ಸೇರಿದುವು. ಇದನ್ನು ದೋಷವೆನ್ನುವವರುಂಟು. ನನಗಂತೂ, ಅತಿಯಾಗಿ ಆರಿಸುವವನ ಮನೆಯಲ್ಲಿ ರಾಜರ ಕತ್ತಿ ಮಾತ್ರ ಉಳಿದೀತು, ಸಿಪಾಯಿಯ ಕೋವಿ ಉಳಿಯಲಾರದು ಎನ್ನಿಸುತ್ತದೆ.

ಹಳೆಯ ಕೋವಿಯನ್ನು ಕಾಪಾಡುವುದು ಚಿತ್ರಪಟವನ್ನು ಕಾಪಾಡಿದಷ್ಟು ಸುಲಭವಲ್ಲ. ನಮ್ಮ ದೇಶದಲ್ಲಿ ಬಹುಕಾಲ ನಡೆದದ್ದು ಬತ್ತಿಯ ಕೋವಿ. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹತ್ತಿಯ ಹುರಿಯ ತುದಿಗೆ ಕಿಡಿ ಹತ್ತಿಸಿ, ಅದನ್ನು ಮದ್ದಿನ ಕಿವಿಗೆ ಮುಟ್ಟಿಸಿದರೆ ಗುಂಡು ಹಾರುತ್ತಿತ್ತು. ಚಕಮಕಿ ಕಲ್ಲಿನ ಕೋವಿ ಬಂದ ಮೇಲೂ ಜನ ಇದನ್ನು ಬಿಡಲಿಲ್ಲ. ಕೆಟ್ಟರೆ ಹಳ್ಳಿಯ ಕಮ್ಮಾರನೇ ಸರಿಮಾಡಿ ಕೊಡಬಲ್ಲವನಾಗಿದ್ದನು. ಟೀಪೂ ಸುಲ್ತಾನನು ತನ್ನ ಕಾರ್ಖಾನೆಗಳಲ್ಲಿ ಚಕಮಕಿಯ ಕೋವಿಗಳನ್ನು ಮಾಡಿಸಿ ಅವುಗಳ ಮೇಲೆ ಹುಲಿಯ ಪಟ್ಟೆಯ ಗುರುತು ಹಾಕಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪಿನ ಕೋವಿ ಬಂದಾಗ ಎಷ್ಟೋ ಚಕಮಕಿ ಕೋವಿಗಳ ಕೀಲು ಬದಲಾಯಿಸಿ ಕೇಪಿಗೆ ಒಗ್ಗಿಸಿದರು. ಮುಂದೆ ಸಂಗ್ರಹಕಾರರ ಕಾಲ ಬಂದಾಗ ಅವೇ ಕೋವಿಗಳಿಗೆ ಹೊಸದಾಗಿ ಚಕಮಕಿಯ ಕೀಲು ಜೋಡಿಸಿ, ಮೊದಲಿನಂತೆಯೇ ಇದೆಯೆಂದು ಮಾರಿದವರೂ ಉಂಟು. ಹೀಗೆ ದುರಸ್ತಿಯಾದ ಕೋವಿ ನೋಟಕ್ಕೆ ಚೆಂದ. ಆದರೆ ಅದರ ನಡುವಿನ ಐವತ್ತು ವರ್ಷದ ಚರಿತ್ರೆ ಅಳಿಸಿಹೋಗಿರುತ್ತದೆ.

ಉಜ್ಜಿ ಹೊಳಪು ಕೊಡುವುದಂತೂ ಇನ್ನೂ ಕೆಟ್ಟದ್ದು. ಉಕ್ಕಿನ ಮೇಲೆ ಸಣ್ಣಗೆ ಗೀರಿ, ಚಿನ್ನದ ತಂತಿಯನ್ನು ಬಡಿದು ಕೂರಿಸುವ ಕೋಫ್ತಗರಿಯ ಕೆಲಸ ಹಾಳೆಯಷ್ಟು ತೆಳು. ತುಕ್ಕು ಹೋಗಲೆಂದು ಬಲವಾಗಿ ತಿಕ್ಕಿದರೆ ಚಿನ್ನವೂ ಹೋಯಿತು, ನಳಿಗೆಯ ಮೇಲೆ ಕೊರೆದ ಕಮ್ಮಾರನ ಹೆಸರೂ ಹೋಯಿತು. ಕಬ್ಬಿಣಕ್ಕೆ ಒಣಹವೆ ಬೇಕು. ಅದೇ ಕೋವಿಯ ಮರಕ್ಕೆ ಹವೆ ತೀರ ಒಣಗಿದರೆ ಬಿರುಕು ಬೀಳುತ್ತದೆ. ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತೃಪ್ತಿಪಡಿಸುವುದು ಸಂಗ್ರಹಾಲಯದವರ ಪಾಡು. ಇನ್ನೊಂದು ಎಚ್ಚರಿಕೆ: ಎಷ್ಟು ಹಳೆಯ ಕೋವಿಯಾದರೂ ಬಲ್ಲವರು ಮೊದಲು ನಳಿಗೆಯೊಳಗೆ ಗಜವನ್ನು ಇಳಿಸಿ, ಹೊರಗಿನ ಅಳತೆಗೆ ಹೋಲಿಸಿ ನೋಡುತ್ತಾರೆ. ಒಳಗಿನ ಅಳತೆ ಕಡಮೆ ಬಂದರೆ, ಯಾವನೋ ಶತಮಾನದ ಹಿಂದೆ ತುಂಬಿದ ಮದ್ದುಗುಂಡು ಅಲ್ಲೇ ಕೂತಿರಬಹುದು.

ಇಂಥ ಆಯುಧಗಳು ನವಾಬರ ಕೈಸೇರುವ ಕಾಲಕ್ಕೆ ಕೇವಲ ನೋಡುವ ವಸ್ತುಗಳಾಗಿದ್ದುವು. ಅದಕ್ಕೆ ಎರಡು ತಲೆಮಾರಿನ ಹಿಂದೆ ಹಾಗಿರಲಿಲ್ಲ. 1857ರ ನಿಶ್ಶಸ್ತ್ರೀಕರಣದ ಕಾನೂನಿಗೆ ಒಪ್ಪದೆ ಹಲಗಲಿಯ ಬೇಡರು ಸಿಡಿದೆದ್ದರು. ಮರುವರ್ಷ ಮುಂಡರಗಿಯ ಭೀಮರಾಯರು ಹಮ್ಮಿಗೆಯಲ್ಲಿ ಸರಕಾರದವರು ಮುದ್ರೆ ಹಾಕಿಟ್ಟಿದ್ದ ಆಯುಧಗಳನ್ನು ವಶಪಡಿಸಿಕೊಂಡು ಕೊಪ್ಪಳದ ಕೋಟೆಯನ್ನೇ ಹಿಡಿದರು. ಅಲ್ಲಿಯೇ ಹೋರಾಡಿ ಮಡಿದರು. ಆಗ ಹೈದರಾಬಾದಿನಲ್ಲಿ ದಿವಾನರಾಗಿದ್ದವರು ನಮ್ಮ ನವಾಬರ ತಾತ. ಭೀಮರಾಯರ ಕಡೆಯವರ ಕೈಯಲ್ಲಿದ್ದಂಥ ನಾಡಕೋವಿಗಳಿಗೂ ಗಾಜಿನ ಹಿಂದಿನ ಕೋವಿಗಳಿಗೂ ಜಾತಿ ಒಂದೇ. ಪಾಲಿಗೆ ಬಂದ ಗತಿ ಮಾತ್ರ ಬೇರೆ.

ನವಾಬರು 1949ರ ಮಾರ್ಚ್ 2ರಂದು ತೀರಿಕೊಂಡರು. ಹೆಂಡತಿಯಿಲ್ಲ, ಮಕ್ಕಳಿಲ್ಲ. ಒಂಟಿಯಾಗಿದ್ದ ಯಜಮಾನನ ಕಣ್ಣು ತಪ್ಪಿಸಿ ಕೆಲಸದವರು ಸಾಗಿಸಿದ್ದೆಷ್ಟೋ ಎಂದು ಹೈದರಾಬಾದಿನಲ್ಲಿ ಈಗಲೂ ಹೇಳುತ್ತಾರೆ. ಅದೇ ವರ್ಷ ಆಗಸ್ಟಿನಲ್ಲಿ ಜಹಗೀರುಗಳು ರದ್ದಾಗಿ, ಕೊಪ್ಪಳದ ಕಂದಾಯ ದೇವಡಿಗೆ ಬರುವುದು ನಿಂತಿತು. ಉಳಿದ ವಸ್ತುಗಳು ಹಂಚಿಹೋಗದಂತೆ ಆಡಳಿತಗಾರ ವೆಲ್ಲೋಡಿಯವರು ಮುಂದಾಗಿ, ಕಲಾವಿಮರ್ಶಕ ಜೇಮ್ಸ್ ಕಸಿನ್ಸರ ನೆರವಿನಿಂದ ಸಂಗ್ರಹಾಲಯವನ್ನು ಅಣಿಗೊಳಿಸಿದರು. 1951ರ ಡಿಸೆಂಬರ್ 16ರಂದು ದೇವಡಿಯಲ್ಲಿಯೇ ಪಂಡಿತ ನೆಹರೂ ಅದನ್ನು ತೆರೆದರು. ವಾರಸುದಾರರು ಒಪ್ಪಿ ಬಿಟ್ಟುಕೊಟ್ಟ ಬಳಿಕ, 1961ರಲ್ಲಿ ಪಾರ್ಲಿಮೆಂಟು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. 1968ರಲ್ಲಿ ವಸ್ತುಗಳೆಲ್ಲ ಮೂಸಿ ನದಿಯ ದಡದ ಈಗಿನ ಕಟ್ಟಡಕ್ಕೆ ಬಂದುವು. ಇಂದು ಅಲ್ಲಿ 40,000ಕ್ಕೂ ಮಿಕ್ಕ ಕಲಾವಸ್ತುಗಳಿವೆ. ದೇವಡಿ ಮಾತ್ರ ಉಳಿಯಲಿಲ್ಲ; ಪೇಟೆಯ ಗದ್ದಲದ ನಡುವೆ ಅದರ ಹೆಬ್ಬಾಗಿಲುಗಳಷ್ಟೇ ನಿಂತಿವೆ.

ಮುಂದಿನ ಸಲ ಕೊಪ್ಪಳದ ಕಡೆಯ ನೆಂಟರು ಬಂದಾಗ, ಗಡಿಯಾರದ ಗೊಂಬೆ ಹೊರಬರುವ ತನಕ ಕಾಯುವ ಹೊತ್ತಿನಲ್ಲಿ, ಆಯುಧಗಳ ಕೋಣೆಯನ್ನೂ ಒಮ್ಮೆ ತೋರಿಸಿಕೊಂಡು ಬರಬಹುದು.