ಜೂಡೋ ವಿದ್ಯೆಯ ಜನಕ ಜಿಗೊರೊ ಕಾನೊ

ದಾವಣಗೆರೆಯು ಪೈಲ್ವಾನರ ಊರೆಂಬುದನ್ನು ಈ ಸಂಪುಟದ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಶ್ರೀ ದುರ್ಗಾಂಬಿಕಾ ದೇವಿಯ ಜಾತ್ರೆಯ ಕುಸ್ತಿಗಳನ್ನು ನೋಡದೆ ಬೆಳೆದವರು ನಮ್ಮಲ್ಲಿ ವಿರಳ. ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆಗಳನ್ನು ಬೆರೆಸಿ ಹದಗೊಳಿಸಿದ ಗರಡಿಯ ಮಣ್ಣು ಬಿದ್ದವನನ್ನು ತಾಯಿಯಂತೆ ತಾಳಿಕೊಳ್ಳುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ಊರಿನಲ್ಲಿಯೂ ನೆರೆಯ ಹರಿಹರದಲ್ಲಿಯೂ ಕರಾಟೆ, ಜೂಡೋ ಮೊದಲಾದ ಜಪಾನೀ ವಿದ್ಯೆಗಳು ಮಕ್ಕಳನ್ನು ಆಕರ್ಷಿಸಿವೆ. ಅಲ್ಲಿ ಮಣ್ಣಿಲ್ಲ, ಸಿಮೆಂಟಿನ ನೆಲ, ಇಲ್ಲವೆ ಒರಟಾದ ಚಾಪೆ. ಬರಿಗಾಲಿನಲ್ಲಿ ಉಜ್ಜಿ ಉಜ್ಜಿ ನಡೆಯುವಾಗ ಅಂಗಾಲಿನಲ್ಲಿ ಬೊಬ್ಬೆಗಳೇಳುತ್ತವೆ, ಬೆರಳ ಸಂದುಗಳು ಬಿರಿಯುತ್ತವೆ, ಹೆಬ್ಬೆರಳು ಮಡಿಸಿ ಊದಿಕೊಳ್ಳುತ್ತದೆ. ಮರುದಿನ ಕುಂಟುತ್ತ ತರಗತಿಗೆ ಬರುವ ಬಾಲಕನನ್ನು ಕಂಡ ಉಪಾಧ್ಯಾಯರಲ್ಲಿ ಎರಡು ಪಕ್ಷ. ಇಷ್ಟು ನೋವಿಲ್ಲದೆ ವಿದ್ಯೆಯೇ ಇಲ್ಲವೆಂಬುದು ಒಂದು; ಎಳೆಯ ದೇಹವನ್ನು ಹೀಗೆ ದಂಡಿಸುವುದು ಅಪರಾಧವೆಂಬುದು ಇನ್ನೊಂದು. ತಂದೆತಾಯಿಗಳು ನಮ್ಮ ಬಳಿಗೆ ಬಂದು, ಮಗನನ್ನು ಕಳುಹಿಸುವುದೋ ಬಿಡಿಸುವುದೋ ಎಂದು ಕೇಳುತ್ತಾರೆ. ಕನ್ನಡ ಪಂಡಿತನಾದ ನನಗೆ ಮಲ್ಲವಿದ್ಯೆಯ ಅನುಭವವಿಲ್ಲ. ಆದರೆ ಈ ಪ್ರಶ್ನೆಯನ್ನು ಜೀವಮಾನವೆಲ್ಲ ಎದುರಿಸಿದ ಶಾಲಾ ಮುಖ್ಯಸ್ಥರೊಬ್ಬರು ಜಪಾನಿನಲ್ಲಿದ್ದರು. ಅವರ ಚರಿತ್ರೆಯನ್ನು ಇಲ್ಲಿ ನಿರೂಪಿಸುವುದು ಉಚಿತವೆಂದು ತೋರಿತು.

ಜಿಗೊರೊ ಕಾನೊ ಅವರು 1860ರಲ್ಲಿ, ಇಂದಿನ ಕೋಬೆ ನಗರದಲ್ಲಿ ಸೇರಿಹೋಗಿರುವ ಮಿಕಾಗೆ ಎಂಬ ಕಡಲತೀರದ ಊರಿನಲ್ಲಿ ಜನಿಸಿದರು. ಅಕ್ಕಿಯ ಮದ್ಯವನ್ನು ತಯಾರಿಸುವ ಅನುಕೂಲಸ್ಥ ಮನೆತನ. ಬಾಲ್ಯದಲ್ಲಿಯೇ ತಾಯಿ ತೀರಿಕೊಂಡರು. ತಂದೆ ಮಗನನ್ನು ಟೋಕಿಯೊ ನಗರಕ್ಕೆ ಕರೆತಂದು ವಿದ್ಯಾಭ್ಯಾಸಕ್ಕೆ ಹಚ್ಚಿದರು. ಬಾಲಕನು ಪಾಠದಲ್ಲಿ ಮುಂದು, ಇಂಗ್ಲಿಷ್ ಭಾಷೆಯಲ್ಲಿ ಇನ್ನೂ ಮುಂದು; ದೇಹದಲ್ಲಿ ಮಾತ್ರ ಎಲ್ಲರಿಗಿಂತ ಹಿಂದು. ಪೂರ್ಣವಾಗಿ ಬೆಳೆದ ಮೇಲೂ ಅವರ ಎತ್ತರ ಐದು ಅಡಿ ಎರಡು ಅಂಗುಲ ಮಾತ್ರ. ವಿದ್ಯಾರ್ಥಿನಿಲಯದ ಗಟ್ಟಿ ಹುಡುಗರು ಈ ಕೃಶಕಾಯನನ್ನು ಹಿಡಿದು ನೂಕಿ, ಕೆಡವಿ, ಪೀಡಿಸುತ್ತಿದ್ದರು. ಬಲವಿಲ್ಲದವನೂ ಬಲಶಾಲಿಯನ್ನು ಗೆಲ್ಲಬಹುದಾದ ಜುಜುತ್ಸು ಎಂಬ ಹಳೆಯ ವಿದ್ಯೆಯೊಂದುಂಟೆಂದು ಕೇಳಿದ ಬಾಲಕನು ಅದನ್ನು ಕಲಿಯಬೇಕೆಂದು ಹಂಬಲಿಸಿದನು. ತಂದೆ ಒಪ್ಪಲಿಲ್ಲ. ಕಾಲವೂ ಅನುಕೂಲವಾಗಿರಲಿಲ್ಲ. ಸಮುರಾಯಿಗಳ ಯುಗ ಮುಗಿದು ದೇಶವೆಲ್ಲ ಪಾಶ್ಚಾತ್ಯ ವಿದ್ಯೆಗೆ ಮಾರುಹೋಗಿತ್ತು. ಜುಜುತ್ಸು ಬಲ್ಲವರು ಬೀದಿಜಗಳಗಳಿಗೂ ಹಣಕ್ಕಾಗಿ ನಡೆಯುವ ಪ್ರದರ್ಶನಗಳಿಗೂ ಇಳಿದಿದ್ದರು.

1877ರಲ್ಲಿ ವಿಶ್ವವಿದ್ಯಾಲಯವನ್ನು ಸೇರಿದ ತರುಣ ಕಾನೊ ಗುರುವನ್ನು ಅರಸತೊಡಗಿದರು. ಅರಸಿದ ಉಪಾಯವು ಸ್ವಾರಸ್ಯಕರವಾಗಿದೆ. ಜುಜುತ್ಸು ಆಚಾರ್ಯರಲ್ಲಿ ಹಲವರು ಹೊಟ್ಟೆಪಾಡಿಗಾಗಿ ಮುರಿದ ಮೂಳೆ ಕೂಡಿಸುವ ವೈದ್ಯವನ್ನು ಮಾಡುತ್ತಿದ್ದುದರಿಂದ, ಅವರು ಊರಿನಲ್ಲಿ ಮೂಳೆವೈದ್ಯರ ಫಲಕಗಳನ್ನು ಹುಡುಕಿಕೊಂಡು ಹೊರಟರು. (ಕುಸ್ತಿ ಬಲ್ಲವನೇ ಉಳುಕು ತೆಗೆಯುವುದನ್ನೂ ಬಲ್ಲನೆಂಬುದು ನಮ್ಮ ಗರಡಿಗಳಲ್ಲಿಯೂ ಕಂಡ ಸಂಗತಿಯೇ.) ಹೀಗೆ ದೊರೆತವರು ತೆನ್‌ಜಿನ್ ಶಿನ್‌ಯೊ ಸಂಪ್ರದಾಯದ ಫುಕುದಾ ಹಾಚಿನೊಸುಕೆ. ಚಿಕ್ಕ ಮನೆ, ಬೆರಳೆಣಿಕೆಯ ಶಿಷ್ಯರು.

ಫುಕುದಾ ಗುರುಗಳದು ವಿವರಣೆಯ ಮಾರ್ಗವಲ್ಲ. ಒಂದು ಪಟ್ಟಿನಲ್ಲಿ ಕೈಯೆಲ್ಲಿ, ಕಾಲೆಲ್ಲಿ ಎಂದು ಶಿಷ್ಯನು ಕೇಳಿದರೆ ಅವರು ಉತ್ತರ ಹೇಳುತ್ತಿರಲಿಲ್ಲ. ಹತ್ತಿರ ಕರೆದು ಎತ್ತಿ ಒಗೆಯುತ್ತಿದ್ದರು. ಮತ್ತೆ ಕೇಳಿದರೆ ಮತ್ತೆ ಒಗೆತ. ಸಾಕಷ್ಟು ಸಲ ಬಿದ್ದರೆ ತಾನೇ ತಿಳಿಯುವುದೆಂಬುದು ಅವರ ನಂಬಿಕೆ. ಕಾನೊ ಅವರ ಮೈಯೆಲ್ಲ ಕಂದಿತು. ಮೊಣಕಾಲು, ಮೊಣಕೈಗಳ ಚರ್ಮ ಸುಲಿಯಿತು. ನೋವಿದ್ದೆಡೆಯಲ್ಲೆಲ್ಲ ಔಷಧದ ಪಟ್ಟುಗಳನ್ನು ಅಂಟಿಸಿಕೊಂಡು ಅವರು ತರಗತಿಗೆ ಹೋಗುತ್ತಿದ್ದರು. ಆ ಮುಲಾಮಿನ ಘಾಟು ವಾಸನೆಗೆ ಸಹಪಾಠಿಗಳು ನಗುತ್ತಿದ್ದರು. ನಮ್ಮ ನುಡಿಯಲ್ಲಿ ಮಲ್ಲನು ಹಾಕುವುದೂ ಪಟ್ಟೇ, ವೈದ್ಯನು ಹಾಕುವುದೂ ಪಟ್ಟೇ. ಕಾನೊ ಅವರಿಗೆ ಮೊದಲ ಎರಡು ವರ್ಷ ಎರಡನೆಯದೇ ಹೆಚ್ಚಾಗಿ ದಕ್ಕಿತೆನ್ನಬೇಕು.

ಆ ಗರಡಿಯಲ್ಲಿ ಫುಕುಶಿಮಾ ಎಂಬ ಸ್ಥೂಲಕಾಯನಾದ ಹಿರಿಯ ಶಿಷ್ಯನಿದ್ದನು. ಕಾನೊ ಎಷ್ಟು ಹೆಣಗಿದರೂ ಆತನು ಕದಲಲಿಲ್ಲ. ಇನ್ನೊಬ್ಬನಾಗಿದ್ದರೆ ಸಾಮು ಹೆಚ್ಚಿಸುತ್ತಿದ್ದನು, ಇಲ್ಲವೆ ಮನೆ ಸೇರುತ್ತಿದ್ದನು. ಈ ವಿದ್ಯಾರ್ಥಿ ಗ್ರಂಥಾಲಯವನ್ನು ಹೊಕ್ಕನು. ಮೊದಲು ಸುಮೋ ಮಲ್ಲರ ವರಸೆಗಳನ್ನು ವಿಚಾರಿಸಿದನು, ಅವು ಫಲಿಸಲಿಲ್ಲ. ಬಳಿಕ ಪಾಶ್ಚಾತ್ಯ ಕುಸ್ತಿಯ ಪುಸ್ತಕವೊಂದರಲ್ಲಿ, ಎದುರಾಳಿಯ ಕೆಳಗೆ ನುಸುಳಿ ಅವನನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಕೆಡಹುವ ಪಟ್ಟನ್ನು ಕಂಡು, ಗೆಳೆಯರೊಡನೆ ಅಭ್ಯಾಸಮಾಡಿ, ಒಂದು ದಿನ ಫುಕುಶಿಮಾನನ್ನು ಎತ್ತಿ ಒಗೆದನು. ಭುಜಚಕ್ರವೆಂಬರ್ಥದ ಹೆಸರಿನಿಂದ ಆ ಪಟ್ಟು ಇಂದಿಗೂ ಜೂಡೋ ವಿದ್ಯೆಯಲ್ಲಿ ಉಳಿದಿದೆ.

1879ರ ಆಗಸ್ಟಿನಲ್ಲಿ ಅಮೆರಿಕೆಯ ಮಾಜಿ ಅಧ್ಯಕ್ಷ ಗ್ರಾಂಟ್ ಅವರ ಮುಂದೆ ನಡೆದ ಪ್ರದರ್ಶನದಲ್ಲಿ ಗುರುಶಿಷ್ಯರಿಬ್ಬರೂ ಭಾಗವಹಿಸಿದರು. ಅದಾದ ಕೆಲವೇ ದಿನಗಳಲ್ಲಿ ಫುಕುದಾ ತೀರಿಕೊಂಡರು. ಕಾನೊ ಅದೇ ಸಂಪ್ರದಾಯದ ಇಸೊ ಮಸಾತೊಮೊ ಅವರನ್ನು ಆಶ್ರಯಿಸಿದರು. ವೃದ್ಧರಾದ ಇಸೊ ಅವರ ಶಿಷ್ಯರಿಗೆ ಸಾಧನೆ ಮಾಡಿಸುವ ಹೊರೆ ಈ ತರುಣನ ಮೇಲೆ ಬಿತ್ತು. ಒಬ್ಬರಾದ ಮೇಲೊಬ್ಬರಂತೆ ಇಪ್ಪತ್ತು ಮೂವತ್ತು ಜನರೊಡನೆ ಸೆಣಸಿ, ರಾತ್ರಿ ಹನ್ನೊಂದು ದಾಟಿದ ಮೇಲೆ ಮನೆಯ ದಾರಿ ಹಿಡಿದಾಗ, ಕಾಲು ಹಿಡಿತಕ್ಕೆ ಸಿಕ್ಕದೆ ಬೀದಿಯ ಗೋಡೆಗಳಿಗೆ ತಾಗುತ್ತ ನಡೆಯುತ್ತಿದ್ದರಂತೆ. ನಿದ್ರೆಯಲ್ಲಿಯೂ ಪಟ್ಟು ಹಾಕುತ್ತ ಹೊದಿಕೆಯನ್ನು ಒದೆಯುತ್ತಿದ್ದರಂತೆ. 1881ರಲ್ಲಿ ಇಸೊ ಅವರೂ ಗತಿಸಲು, ಕಿತೊ ಸಂಪ್ರದಾಯದ ಇಕುಬೊ ತ್ಸುನೆತೊಶಿ ಅವರಲ್ಲಿ ಮೂರನೆಯ ಶಿಷ್ಯತ್ವ ಆರಂಭವಾಯಿತು. ಐವತ್ತು ಮೀರಿದ ಈ ಗುರುವು ತರುಣರನ್ನು ಲೀಲೆಯಿಂದ ಬೀಳಿಸುತ್ತಿದ್ದುದರ ಗುಟ್ಟೇನೆಂದು ಕಾನೊ ಬಹುಕಾಲ ಚಿಂತಿಸಿದರು. ಎದುರಾಳಿಯನ್ನು ಎತ್ತುವುದಕ್ಕೆ ಮೊದಲು ಅವನ ಸಮತೋಲವನ್ನು ಕೆಡಿಸಬೇಕು; ಅವನು ನೂಕಿದರೆ ಸೆಳೆಯಬೇಕು, ಸೆಳೆದರೆ ನೂಕಬೇಕು. ಒಮ್ಮೆ ಇದು ಹೊಳೆದ ಮೇಲೆ ಗುರುವಿಗೆ ಶಿಷ್ಯನನ್ನು ಬೀಳಿಸುವುದು ಅಸಾಧ್ಯವಾಯಿತು. ಇಕುಬೊ ಅವರು ಸಂತೋಷದಿಂದ ತಮ್ಮ ಸಂಪ್ರದಾಯದ ಗ್ರಂಥಗಳನ್ನು ಶಿಷ್ಯನ ವಶಕ್ಕೆ ಕೊಟ್ಟರು.

1882ರ ಮೇ ತಿಂಗಳಲ್ಲಿ, ಟೋಕಿಯೊದ ಏಶೊಜಿ ಎಂಬ ಬೌದ್ಧಾಲಯದಲ್ಲಿ ಹನ್ನೆರಡು ಚಾಪೆಗಳ ಒಂದು ಕೊಠಡಿಯನ್ನು ಹಿಡಿದು, ಇಪ್ಪತ್ತೆರಡು ತುಂಬದ ಕಾನೊ ತಮ್ಮ ಶಾಲೆಯನ್ನು ತೆರೆದರು. ಅದಕ್ಕೆ ಕೊಡೊಕಾನ್ ಎಂದು ಹೆಸರು. ಮಾರ್ಗವನ್ನು ಬೋಧಿಸುವ ಮನೆಯೆಂದರ್ಥ. ಮೊದಲ ವರ್ಷ ಶಿಷ್ಯರು ಒಂಬತ್ತೇ ಮಂದಿ. ಶ್ರೀಮಠದ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗಳನ್ನು ಬಲ್ಲ ನಮಗೆ, ದೇವಾಲಯದ ಮೂಲೆಯಲ್ಲಿ ಹುಟ್ಟಿದ ಈ ಶಾಲೆ ಅಪರಿಚಿತವೆನಿಸದು. ಶಿಷ್ಯರು ಬಿದ್ದ ರಭಸಕ್ಕೆ ಪಿತೃಗಳ ಸ್ಮಾರಕಫಲಕಗಳು ಉರುಳುತ್ತಿದ್ದವು, ಅರ್ಚಕರು ಗೊಣಗುತ್ತಿದ್ದರು. ನೆಲದ ಹಲಗೆ ಮುರಿದಾಗ ಕಾನೊ ತಾವೇ ದೀಪ ಹಿಡಿದು ನೆಲದಡಿಗೆ ತೆವಳಿ ಹೋಗಿ ತೊಲೆಗಳನ್ನು ಸರಿಪಡಿಸುತ್ತಿದ್ದರು. ಹಗಲು ಕುಲೀನರ ಮಕ್ಕಳ ಶಾಲೆಯಲ್ಲಿ ಉಪಾಧ್ಯಾಯ ವೃತ್ತಿ. ರಾತ್ರಿ ಶಿಕ್ಷಣ ಇಲಾಖೆಗಾಗಿ ಪುಸ್ತಕಗಳ ಭಾಷಾಂತರ. ಬಂದ ಹಣವು ಶಿಷ್ಯರ ಅನ್ನಕ್ಕೆ. ಜೊತೆಗಿದ್ದ ಹುಡುಗರು ಬೆಳಗಿನ ಐದು ಗಂಟೆಗೆ ಮೊದಲೇ ಎದ್ದು ಕಸಗುಡಿಸಿ, ನೀರು ತಂದು, ಮಂಡಿಯೂರಿ ನೆಟ್ಟಗೆ ಕುಳಿತು ಓದಬೇಕಾಗಿತ್ತು. ಪಾದಗಳ ಮೇಲೆ ದೇಹಭಾರವನ್ನಿಟ್ಟು ಹಾಗೆ ಕುಳಿತರೆ ಕಾಲು ಜೋಮುಹಿಡಿದು ಏಳುವಾಗ ಸೂಜಿ ಚುಚ್ಚಿದಂತಾಗುವುದು. ಕೊರೆಯುವ ಚಳಿಯ ತಿಂಗಳಲ್ಲಿ ನಸುಕಿನ ಸಾಧನೆ, ಸುಡುವ ಬೇಸಗೆಯಲ್ಲಿ ಹಗಲಿನ ಸಾಧನೆ ಎಂಬ ವ್ರತಗಳೂ ಮುಂದೆ ಅಲ್ಲಿ ನೆಲೆಗೊಂಡವು.

ಇದನ್ನೆಲ್ಲ ಕೇಳಿದವರು ಕಾನೊ ಅವರನ್ನು ನೋವಿನ ಆರಾಧಕರೆಂದು ಬಗೆದಾರು. ವಸ್ತುಸ್ಥಿತಿ ಬೇರೆ. ತಾವು ಫುಕುದಾ ಅವರಲ್ಲಿ ಬಿದ್ದು ಬಿದ್ದು ಕಲಿತುದನ್ನು ತಮ್ಮ ಶಿಷ್ಯರು ಹಾಗೆಯೇ ಕಲಿಯಬೇಕೆಂದು ಅವರು ಹಟ ಹಿಡಿಯಲಿಲ್ಲ. ಅವರ ಶಾಲೆಯಲ್ಲಿ ಕೆಡಹುವುದಕ್ಕೆ ಮೊದಲು ಬೀಳುವುದನ್ನು ಕಲಿಸುತ್ತಾರೆ: ಗಲ್ಲವನ್ನು ಎದೆಗೆ ಒತ್ತಿ ತಲೆಯನ್ನು ಕಾಪಾಡಿಕೊಂಡು, ನೆಲ ಮುಟ್ಟುವ ಕ್ಷಣದಲ್ಲಿ ತೋಳಿನಿಂದ ಚಾಪೆಯನ್ನು ಅಪ್ಪಳಿಸಿ, ಪೆಟ್ಟನ್ನು ಮೈಯೆಲ್ಲ ಹಂಚುವ ಕ್ರಮವದು. ಬೆರಳು, ಮಣಿಕಟ್ಟು, ಮೊಣಕಾಲುಗಳನ್ನು ಮುರಿಯುವ ಪಟ್ಟುಗಳನ್ನೂ ಗುದ್ದು ಒದೆತಗಳನ್ನೂ ಅವರು ಮುಕ್ತ ಸೆಣಸಾಟದಿಂದ ತೆಗೆದುಹಾಕಿ, ನಿಯತ ಕ್ರಮದ ಪ್ರದರ್ಶನಕ್ಕೆ ಮಾತ್ರ ಉಳಿಸಿದರು. ಪಾದವನ್ನು ಎತ್ತಿ ಇಡದೆ ಚಾಪೆಯ ಮೇಲೆ ಹಗುರವಾಗಿ ಜಾರಿಸುವ ನಡಿಗೆ, ಉಗುರು ಕತ್ತರಿಸಿಕೊಳ್ಳುವ ನಿಯಮ, ಚಾಪೆಯ ಅಂಚಿನಲ್ಲಿಯೇ ಪಾದರಕ್ಷೆ ಬಿಟ್ಟು ಶುದ್ಧವಾದ ಕಾಲಿನಿಂದ ಒಳಬರುವ ಆಚಾರ, ಇವೆಲ್ಲ ಶಿಷ್ಟಾಚಾರವೂ ಹೌದು, ಚರ್ಮದ ರಕ್ಷಣೆಯೂ ಹೌದು. ಹೀಗೆ ಶೋಧಿಸಿದ ವಿದ್ಯೆಗೆ ಅವರು ಹಳೆಯ ಹೆಸರನ್ನು ಬಿಟ್ಟು ಜೂಡೋ, ಅಂದರೆ ಮೃದುಮಾರ್ಗ, ಎಂಬ ಹೆಸರನ್ನು ಮುಂದಿಟ್ಟರು. ಕಲ್ಯಾಣ ಚಾಲುಕ್ಯರ ಅರಸು ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ಮಾನಸೋಲ್ಲಾಸದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ ಅವರ ಆಹಾರ, ಸಾಧನೆಗಳನ್ನು ವಿವರಿಸಿದ್ದಾನೆ. ಅಂಥ ಶಾಸ್ತ್ರವಿದ್ದ ನಾಡಿನಲ್ಲಿ ಗರಡಿಯನ್ನು ಶಾಲೆಯ ಪಾಠಕ್ರಮಕ್ಕೆ ತರುವ ಕಾನೊ ಒಬ್ಬರು ಹುಟ್ಟಲಿಲ್ಲವೆಂಬ ಕೊರಗು ನನಗುಂಟು.

ಕೆಡಹಿದವನನ್ನು ಕಾಪಾಡುವುದೂ ಕೆಡಹಿದವನದೇ ಹೊಣೆಯೆಂಬುದನ್ನು ಅವರು ನಡೆದು ತೋರಿಸಿದರು. 1889ರಲ್ಲಿ ಶಿಕ್ಷಣಕ್ರಮದ ಅಧ್ಯಯನಕ್ಕಾಗಿ ಯೂರೋಪಿಗೆ ಹೋಗಿದ್ದ ಅವರು 1891ರಲ್ಲಿ ಹಡಗಿನಲ್ಲಿ ಹಿಂದಿರುಗುವಾಗ, ದೈತ್ಯಕಾಯನಾದ ರಷ್ಯದವನೊಬ್ಬನು ಅವರನ್ನು ಕೆಣಕಿದನು. ಕಾನೊ ಅವನನ್ನು ಎತ್ತಿ ಒಗೆದರು. ಆದರೆ ತಲೆ ಹಡಗಿನ ಹಲಗೆಗೆ ಬಡಿಯದಂತೆ ತಮ್ಮ ಕೈಯನ್ನು ಅಡ್ಡ ಹಿಡಿದರು. ಸುತ್ತ ನಿಂತವರು ಒಗೆತಕ್ಕಿಂತ ಆ ಕೈಯನ್ನೇ ಹೆಚ್ಚು ಮೆಚ್ಚಿದರೆಂದು ಹೇಳುತ್ತಾರೆ.

ಮುಂದಿನದು ಶಿಕ್ಷಣತಜ್ಞರ ಜೀವನ. ಕುಮಾಮೊತೊ ನಗರದ ಪ್ರೌಢ ವಿದ್ಯಾಲಯದ ಮುಖ್ಯಸ್ಥರಾಗಿ, 1893ರಿಂದ ಟೋಕಿಯೊದ ಉನ್ನತ ಉಪಾಧ್ಯಾಯ ತರಬೇತಿ ವಿದ್ಯಾಲಯದ ಅಧ್ಯಕ್ಷರಾಗಿ, ನಡುವೆ ಕೆಲಕಾಲ ಬಿಟ್ಟು 1920ರವರೆಗೆ ದುಡಿದರು. ಚೀನಾದಿಂದ ಬಂದ ವಿದ್ಯಾರ್ಥಿಗಳಿಗಾಗಿ ಅವರು ನಡೆಸಿದ ಶಾಲೆಯಲ್ಲಿ ಲು ಷುನ್ ಅವರು ಕಲಿತರು. 1909ರಲ್ಲಿ ಅವರು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ಏಷ್ಯಾ ಖಂಡದಿಂದ ಅವರೇ ಮೊದಲಿಗರು.

ಇಲ್ಲಿ ಪಾದದ ಮಾತು ಮತ್ತೆ ಬರುತ್ತದೆ. ಅವರ ವಿದ್ಯಾಲಯದ ವಿದ್ಯಾರ್ಥಿ ಕನಕುರಿ ಶಿಜೊ 1911ರಲ್ಲಿ ಒಲಿಂಪಿಕ್ ಆಯ್ಕೆಯ ಮ್ಯಾರಥಾನ್ ಓಟದಲ್ಲಿ ಬಟ್ಟೆಯ ಕಾಲುಚೀಲದಂಥ ತಾಬಿಗಳನ್ನು ತೊಟ್ಟು ಓಡಿದನು. ಅವು ದಾರಿಯಲ್ಲಿಯೇ ಹರಿದುಹೋಗಲು, ಬರಿಗಾಲಿನಲ್ಲಿ, ರಕ್ತ ಸುರಿಯುವ ಪಾದಗಳಿಂದ ಓಟವನ್ನು ಗೆದ್ದನು. ತಾಬಿ ಹೊಲಿಯುವ ಕುಶಲಿಯೊಬ್ಬರು ಅಡಿಯನ್ನು ಬಲಪಡಿಸಿ ಹೊಸ ಜೋಡಿಗಳನ್ನು ಮಾಡಿಕೊಟ್ಟರು. ಸೋತರೆ ದೇಶಕ್ಕೆ ಅಪಮಾನವೆಂದು ಹಿಂಜರಿದ ಹುಡುಗನಿಗೆ, ಮೊದಲು ಹೋಗುವವನು ದಾರಿ ಮಾಡಲು ಹೋಗುವನೇ ಹೊರತು ಗೆಲ್ಲಲು ಅಲ್ಲವೆಂದು ಕಾನೊ ಧೈರ್ಯ ಹೇಳಿದರು. 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಕನಕುರಿ ಬಿಸಿಲಿನ ತಾಪಕ್ಕೆ ಸಿಕ್ಕಿ ಮಧ್ಯದಲ್ಲಿಯೇ ನಿಂತನು. 1967ರಲ್ಲಿ, ವೃದ್ಧನಾಗಿ, ಆಹ್ವಾನದ ಮೇರೆಗೆ ಅಲ್ಲಿಗೆ ಹೋಗಿ ಆ ಓಟವನ್ನು ಪೂರ್ಣಗೊಳಿಸಿದನು. 1920ರ ಆಂಟ್‌ವರ್ಪ್ ಕೂಟಕ್ಕೆ ಕಾನೊ ಅವರೂ ಹೋಗಿದ್ದರು. ಪುಣೆಯಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ಹಳ್ಳಿಗರನ್ನು ಕಂಡು ಬೆರಗಾಗಿದ್ದ ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ ಭಾರತದ ತಂಡವೂ ಅಲ್ಲಿಗೆ ಬಂದಿತ್ತು. ಅಲ್ಲಿನ ಮ್ಯಾರಥಾನ್‌ನಲ್ಲಿ ಕನಕುರಿ 16ನೆಯವನಾದರೆ, ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ 19ನೆಯವರಾದರು. ಇಬ್ಬರ ನಡುವೆ ಎರಡೇ ನಿಮಿಷಗಳ ಅಂತರ.

ಕವಿ ರವೀಂದ್ರರ ಕೋರಿಕೆಯ ಮೇರೆಗೆ 1929ರಲ್ಲಿ ಕೊಡೊಕಾನಿನ ತಕಾಗಾಕಿ ಎಂಬ ಗುರುವು ಶಾಂತಿನಿಕೇತನಕ್ಕೆ ಬಂದು ಜೂಡೋ ಕಲಿಸಿದರು. ಕಾನೊ ಅವರು ಎಪ್ಪತ್ತು ಮೀರಿದ ಮೇಲೂ ದೇಶದೇಶಗಳನ್ನು ಸುತ್ತುತ್ತ, 1940ರ ಒಲಿಂಪಿಕ್ ಕೂಟವನ್ನು ಟೋಕಿಯೊಗೆ ದೊರಕಿಸಲು ಶ್ರಮಿಸಿದರು. 1938ರ ಕೈರೋ ಅಧಿವೇಶನದಿಂದ ಹಿಂದಿರುಗುವಾಗ, ಹಿಕಾವಾ ಮಾರು ಎಂಬ ಹಡಗಿನಲ್ಲಿ, ಯೊಕೊಹಾಮಾ ಇನ್ನೆರಡು ದಿನದ ದಾರಿಯಿರುವಾಗ, ಮೇ 4ರಂದು ಶ್ವಾಸಕೋಶದ ಉರಿಯೂತದಿಂದ ನಿಧನರಾದರು. ಅವರ ಶವಪೆಟ್ಟಿಗೆಗೆ ಒಲಿಂಪಿಕ್ ಧ್ವಜವನ್ನು ಹೊದಿಸಿ ಹಡಗಿನಿಂದ ಇಳಿಸಿದರು. ಯುದ್ಧದ ದೆಸೆಯಿಂದ ಆ ಕೂಟವು ನಡೆಯಲೇ ಇಲ್ಲ.

ಟೋಕಿಯೊ ನಗರಕ್ಕೆ ಒಲಿಂಪಿಕ್ ಕೂಟ ಬಂದುದು 1964ರಲ್ಲಿ. ಜೂಡೋ ಅದರಲ್ಲಿ ಮೊದಲ ಬಾರಿಗೆ ಸೇರಿತು. ತೂಕದ ಮಿತಿಯಿಲ್ಲದ ವಿಭಾಗದ ಅಂತಿಮ ಸೆಣಸಾಟದಲ್ಲಿ ಹಾಲೆಂಡಿನ ಆಜಾನುಬಾಹು ಆಂಟನ್ ಗೀಸಿಂಕ್ ಜಪಾನಿನ ಕಮಿನಾಗಾ ಅವರನ್ನು ನೆಲಕ್ಕೆ ಅದುಮಿ ಗೆದ್ದನು. ತುಂಬಿದ ಸಭೆ ಸ್ತಬ್ಧವಾಯಿತು. ಸಂತೋಷದಿಂದ ಮೈಮರೆತ ಅವನ ದೇಶಬಾಂಧವರು ಪಾದರಕ್ಷೆ ತೊಟ್ಟ ಕಾಲಿನಲ್ಲಿಯೇ ಚಾಪೆಯತ್ತ ನುಗ್ಗಿದರು. ಗೀಸಿಂಕ್ ಕೈಯೆತ್ತಿ ಅವರನ್ನು ಅಂಚಿನಲ್ಲಿಯೇ ತಡೆದು, ಸೋತ ಕಮಿನಾಗಾ ಅವರ ಕಡೆಗೆ ತಿರುಗಿ, ತಲೆಬಾಗಿ ವಂದಿಸಿದನು.