ಒಂದೇ ರೇಸ್ ಗೆದ್ದು ಚಾಂಪಿಯನ್ ಆದವನು

ಇವತ್ತು ಸಾಧಾರಣ ಬೈಕಿನ ಮುಂಚಕ್ರದಲ್ಲೂ ಕಾಣುವ ಡಿಸ್ಕ್ ಬ್ರೇಕ್, 1958ರ ಆರಂಭದಲ್ಲಿ ಫೆರಾರಿಯ ಫಾರ್ಮುಲಾ ಒನ್ ಕಾರಿನಲ್ಲಿ ಇರಲಿಲ್ಲ ಎಂದರೆ ನಂಬುತ್ತೀರಾ? ಆ ವರ್ಷ ಅದೇ ಫೆರಾರಿ ಓಡಿಸಿ ವಿಶ್ವ ಚಾಂಪಿಯನ್ ಆದವನು ಇಂಗ್ಲೆಂಡಿನ ಮೈಕ್ ಹಾಥಾರ್ನ್. ಗೆದ್ದದ್ದು ಒಂದೇ ರೇಸ್. ಎದುರಾಳಿ ಸ್ಟರ್ಲಿಂಗ್ ಮಾಸ್ ಗೆದ್ದದ್ದು ನಾಲ್ಕು!

1929ರಲ್ಲಿ ಯಾರ್ಕ್‌ಷೈರ್‌ನಲ್ಲಿ ಹುಟ್ಟಿದ ಹಾಥಾರ್ನ್ ಗ್ಯಾರೇಜ್ ಮಾಲೀಕನ ಮಗ. ರೇಸಿಗೂ ಬೋ ಟೈ ಕಟ್ಟಿಕೊಂಡು ಬರುವ ಶೋಕಿಲಾಲ. 1953ರಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ದಿಗ್ಗಜ ಫ್ಯಾಂಜಿಯೊನನ್ನು ಒಂದು ಸೆಕೆಂಡಿನ ಅಂತರದಲ್ಲಿ ಸೋಲಿಸಿದಾಗ ಅವನಿಗೆ 24 ವರ್ಷ. 1955ರಲ್ಲಿ ಡಿಸ್ಕ್ ಬ್ರೇಕ್ ಇದ್ದ ಜಾಗ್ವಾರ್‌ನಲ್ಲಿ ಲೆ ಮಾನ್ಸ್ ರೇಸನ್ನೂ ಗೆದ್ದ. ಆದರೆ ಪ್ರೇಕ್ಷಕರ ಮೇಲೆ ಕಾರು ಬಿದ್ದು 80ಕ್ಕೂ ಹೆಚ್ಚು ಜನ ಸತ್ತ ಆ ರೇಸಿನ ಗೆಲುವನ್ನು ಯಾರು ತಾನೇ ಸಂಭ್ರಮಿಸಿಯಾರು?

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಹೇಳಲೇಬೇಕು, ಬೇಸರಿಸಬೇಡಿ. ಡ್ರಮ್ ಬ್ರೇಕಿನಲ್ಲಿ ಶೂಗಳು ಮುಚ್ಚಿದ ಡ್ರಮ್ಮಿನ ಒಳಗೋಡೆಗೆ ಉಜ್ಜುತ್ತವೆ. ಶಾಖ ಹೊರಹೋಗಲು ದಾರಿಯಿಲ್ಲ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಒತ್ತಿದಷ್ಟೂ ಕೆಳಗಿಳಿಯುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣ್ಣಗಾಗುತ್ತದೆ. 1958ರಲ್ಲಿ ಮಾಸ್ ಓಡಿಸಿದ ವ್ಯಾನ್‌ವಾಲ್ ಕಾರಿಗೆ ಡಿಸ್ಕ್ ಇತ್ತು. ಫೆರಾರಿಯ ವಿ6 ಎಂಜಿನ್ ಬಲಶಾಲಿ, ಬ್ರೇಕ್ ಮಾತ್ರ ಹಳೆಯದು. ಇನ್ನೊಂದೆಡೆ ಪುಟ್ಟ ಕೂಪರ್ ಕಂಪನಿ ಎಂಜಿನ್ನನ್ನೇ ಚಾಲಕನ ಬೆನ್ನ ಹಿಂದಿಟ್ಟು, ಋತುವಿನ ಮೊದಲೆರಡು ರೇಸ್‌ಗಳನ್ನು ಗೆದ್ದುಬಿಟ್ಟಿತು.

ಆಗಸ್ಟ್ 3ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಹಾಥಾರ್ನನ ಜೀವದ ಗೆಳೆಯ, ಫೆರಾರಿಯ ಪೀಟರ್ ಕಾಲಿನ್ಸ್ ಕಾರು ರಸ್ತೆ ಬಿಟ್ಟು ಹಾರಿತು. ಹಿಂದೆಯೇ ಬರುತ್ತಿದ್ದ ಹಾಥಾರ್ನ್ ಅದನ್ನು ಕಣ್ಣಾರೆ ಕಂಡ. ಕಾಲಿನ್ಸ್ ಉಳಿಯಲಿಲ್ಲ. ಆತ ತನ್ನ ಸ್ವಂತ ಫೆರಾರಿಗೆ ಡನ್ಲಪ್ ಡಿಸ್ಕ್ ಬ್ರೇಕ್ ಹಾಕಿಸಿಕೊಂಡಿದ್ದ. ಮುಂದಿನ ತಿಂಗಳು ಇಟಲಿಯ ಮೊಂಜಾ ರೇಸಿಗೆ ಮುಂಚೆ ಅವನ್ನೇ ಬಿಚ್ಚಿ ಹಾಥಾರ್ನನ ರೇಸ್ ಕಾರಿಗೆ ಜೋಡಿಸಿದರು. ಸತ್ತ ಗೆಳೆಯನ ಬ್ರೇಕ್ ತುಳಿಯುತ್ತಾ ಓಡಿಸುವುದು ಹೇಗಿದ್ದಿರಬಹುದು! ಕ್ಲಚ್ ಕೈಕೊಟ್ಟರೂ ಅಲ್ಲಿ ಎರಡನೆಯವನಾದ.

ನಡುವೆ ಪೋರ್ಚುಗಲ್‌ನಲ್ಲಿ ಇನ್ನೊಂದು ಪ್ರಸಂಗ. ನಿಂತ ಕಾರನ್ನು ಟ್ರ್ಯಾಕಿನ ವಿರುದ್ಧ ದಿಕ್ಕಿನಲ್ಲಿ ತಳ್ಳಿ ಚಾಲೂ ಮಾಡಿದನೆಂದು ಅಧಿಕಾರಿಗಳು ಹಾಥಾರ್ನನನ್ನು ಅನರ್ಹಗೊಳಿಸಿದರು. ಅವನ ಪರ ಸಾಕ್ಷಿ ಹೇಳಲು ಬಂದವನು ಬೇರಾರೂ ಅಲ್ಲ, ಮಾಸ್! ಕಾರು ಆಗ ಟ್ರ್ಯಾಕಿನಿಂದ ಆಚೆ, ಕಾಲುದಾರಿಯ ಮೇಲಿತ್ತೆಂದು ವಿವರಿಸಿದ. ಎರಡನೇ ಸ್ಥಾನಕ್ಕೆ 6, ಅತಿ ವೇಗದ ಸುತ್ತಿಗೆ 1, ಹೀಗೆ ಏಳು ಅಂಕ ಹಾಥಾರ್ನನಿಗೆ ಮರಳಿ ದಕ್ಕಿತು.

ಅಕ್ಟೋಬರ್ 19, ಮೊರಾಕೊದಲ್ಲಿ ಕೊನೆಯ ರೇಸ್. ಮಾಸ್ ಗೆದ್ದ, ಅತಿ ವೇಗದ ಸುತ್ತೂ ಅವನದೇ. ಆದರೂ ಎರಡನೆಯವನಾದ ಹಾಥಾರ್ನನಿಗೆ ಒಟ್ಟು 42 ಅಂಕ, ಮಾಸ್‌ಗೆ 41. ಮಾಸ್ ಎಂದೂ ವಿಶ್ವ ಚಾಂಪಿಯನ್ ಆಗಲೇ ಇಲ್ಲ. ನನ್ನ ಪ್ರಕಾರ ಆ ಋತುವಿನ ದೊಡ್ಡ ಗೆಲುವು ಪೋರ್ಚುಗಲ್‌ನಲ್ಲಿ ಅವನದಾಗಿತ್ತು.

ಅದೇ ರೇಸಿನಲ್ಲಿ ಸುಟ್ಟ ಗಾಯಗಳಾಗಿದ್ದ ವ್ಯಾನ್‌ವಾಲ್‌ನ ಸ್ಟುವರ್ಟ್ ಲೂಯಿಸ್-ಇವಾನ್ಸ್ ಆರು ದಿನಗಳ ನಂತರ ತೀರಿಕೊಂಡ. ಹಾಥಾರ್ನ್ ನಿವೃತ್ತಿ ಘೋಷಿಸಿದ. 1959ರ ಜನವರಿ 22ರಂದು ಗಿಲ್ಡ್‌ಫರ್ಡ್ ಬಳಿಯ ಒದ್ದೆ ರಸ್ತೆಯಲ್ಲಿ ಅವನ ಸ್ವಂತ ಜಾಗ್ವಾರ್ ಹಿಡಿತ ತಪ್ಪಿ ಮರಕ್ಕೆ ಬಡಿಯಿತು. ವಯಸ್ಸಿನ್ನೂ 29. ಆ ವರ್ಷ ಜ್ಯಾಕ್ ಬ್ರಾಭಂ ಹಿಂದೆ ಎಂಜಿನ್ ಇದ್ದ ಕೂಪರ್‌ನಲ್ಲಿ ಚಾಂಪಿಯನ್ ಆದ. ಎಂಜಿನ್ ಮುಂದಿದ್ದ ಕಾರಿನಲ್ಲಿ ಆ ಪಟ್ಟ ಗೆದ್ದವರಲ್ಲಿ ಹಾಥಾರ್ನನೇ ಕೊನೆಯವನು.